ಕೂಗುವ ಪೆಟ್ಟಿಗೆಗೆ ಒಂದು ಬಾಯಿ: ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಇ.ಎಲ್.ಟಿ ಆಂಟೆನಾ

(ಮೈಸೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬಿಡಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಜಾಗದಲ್ಲಿ ಎರಡು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಮೂರು ವಸ್ತು ಇಟ್ಟಿದ್ದೇನೆ, ನೋಡಿ. ಒಂದು ಕಿತ್ತಳೆ ಬಣ್ಣದ ಪೆಟ್ಟಿಗೆ. ಬ್ಯಾಟರಿ ತೆಗೆದೇ ತಂದಿದ್ದೇನೆ, ಭಯ ಬೇಡ. ಒಂದು ಕಪ್ಪು ಕಡ್ಡಿ, ಸುಮಾರು ಅರ್ಧ ಮೀಟರ್ ಉದ್ದ. ಮತ್ತೊಂದು ಹಳೇ ಟ್ರಾನ್ಸಿಸ್ಟರ್ ರೇಡಿಯೊ, ನಮ್ಮ ತಂದೆ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದದ್ದು. ಈ ಮೂರರಲ್ಲಿ ಎಲ್ಲರೂ ಮೊದಲು ಕೈಗೆ ಎತ್ತಿಕೊಳ್ಳುವುದು ಪೆಟ್ಟಿಗೆಯನ್ನು. ನಾನು ಇವತ್ತು ಮಾತಾಡಲು ಬಂದಿರುವುದು ಕಡ್ಡಿಯ ಬಗ್ಗೆ.

ಪೆಟ್ಟಿಗೆಯ ಹೆಸರು ಎಮರ್ಜೆನ್ಸಿ ಲೊಕೇಟರ್ ಟ್ರಾನ್ಸ್‌ಮಿಟರ್. ಚಿಕ್ಕದಾಗಿ ಇ.ಎಲ್.ಟಿ. ವಿಮಾನ ಬಿದ್ದಾಗ ಒಳಗಿನ ಒಂದು ಸ್ವಿಚ್ ಆ ಹೊಡೆತವನ್ನು ಗುರುತಿಸುತ್ತದೆ. ಆಗ ಪೆಟ್ಟಿಗೆ ತಾನಾಗಿಯೇ ಕೂಗಲು ಶುರು ಮಾಡುತ್ತದೆ. ಎರಡು ತರಂಗಾಂತರಗಳಲ್ಲಿ ಕೂಗುತ್ತದೆ. 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ: ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಹೊತ್ತು, 5 ವಾಟ್ ಶಕ್ತಿಯಲ್ಲಿ. 121.5 ಮೆಗಾಹರ್ಟ್ಸ್‌ನಲ್ಲಿ ಹತ್ತಿರಕ್ಕೆ ಹುಡುಕಿಕೊಂಡು ಬಂದವರಿಗೆ: ಒಂದು ವಾಟಿನ ಹತ್ತನೇ ಒಂದು ಭಾಗವೂ ಇರದ ಸಣ್ಣ ದನಿಯಲ್ಲಿ, ಎಡೆಬಿಡದೆ. ಮೊದಲನೆಯದು "ಇಂಥ ವಿಮಾನ, ಇಂಥ ಕಡೆ" ಎಂದು ಹೇಳುತ್ತದೆ. ಎರಡನೆಯದು "ಇಲ್ಲೇ ಇದ್ದೇನೆ, ಇನ್ನೊಂದು ಸ್ವಲ್ಪ ಎಡಕ್ಕೆ ಬನ್ನಿ" ಎಂದು ಕರೆಯುತ್ತದೆ.

ಆದರೆ ಪೆಟ್ಟಿಗೆಗೆ ಸ್ವಂತ ಬಾಯಿ ಇಲ್ಲ. ಬಾಯಿ ಅಂದರೆ ಈ ಕಡ್ಡಿ. ಗಂಟಲು ಅಂದರೆ ಇವೆರಡನ್ನೂ ಸೇರಿಸುವ ಕೇಬಲ್. ಸಾವಿರಾರು ಡಾಲರ್ ಸುರಿದು ವಿಮಾನ ಕಟ್ಟುವವರು ಪೆಟ್ಟಿಗೆ ಕೊಳ್ಳುವಾಗ ತಿಂಗಳುಗಟ್ಟಲೆ ಯೋಚನೆ ಮಾಡುತ್ತಾರೆ. ಬಾಯಿ, ಗಂಟಲು ಎರಡನ್ನೂ ಮಾತ್ರ ಕೊನೆಯ ಶನಿವಾರ ಮಧ್ಯಾಹ್ನ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಸೇರಿಸಿ ಮುಗಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ಮೊದಲು ಈ ಪೆಟ್ಟಿಗೆ ಯಾಕೆ ಬಂತು ಅಂತ ನೋಡೋಣ. ಅದಕ್ಕೆ ಅಲಾಸ್ಕಾಗೆ ಹೋಗಬೇಕು. 1972ರ ಅಕ್ಟೋಬರ್ 16ರಂದು ಆಂಕರೇಜ್‌ನಿಂದ ಜೂನೋಗೆ ಒಂದು ಸೆಸ್ನಾ 310 ಹೊರಟಿತು. ಅದರಲ್ಲಿ ಅಮೆರಿಕದ ಕೆಳಮನೆಯ ಬಹುಮತ ಪಕ್ಷದ ನಾಯಕ ಹೇಲ್ ಬಾಗ್ಸ್ ಇದ್ದರು. ಅಲಾಸ್ಕಾದ ಪ್ರತಿನಿಧಿ ನಿಕ್ ಬೆಗಿಚ್ ಇದ್ದರು. ವಿಮಾನ ಜೂನೋ ಮುಟ್ಟಲಿಲ್ಲ. 39 ದಿನ ಹುಡುಕಿದರು. ಸೇನೆಯ ವಿಮಾನಗಳು, ಹಡಗುಗಳು, ಎಲ್ಲವೂ ಬಂದವು. ಒಂದು ತುಂಡು ಲೋಹವೂ ಸಿಗಲಿಲ್ಲ. ಇವತ್ತಿನವರೆಗೂ ಸಿಕ್ಕಿಲ್ಲ. ಸಣ್ಣ ವಿಮಾನಗಳಲ್ಲಿ ಇ.ಎಲ್.ಟಿ ಇರಬೇಕು ಎಂಬ ಕಾನೂನನ್ನು ಅಮೆರಿಕ 1970ರಲ್ಲೇ ಮಾಡಿತ್ತು. ಆದರೆ ಅದು ಎಲ್ಲ ವಿಮಾನಗಳಿಗೂ ಜಾರಿಯಾಗುವ ಮೊದಲೇ ಈ ದುರಂತ ನಡೆದುಹೋಯಿತು.

ಆಮೇಲೆ ಪೆಟ್ಟಿಗೆ ಎಲ್ಲರ ವಿಮಾನಕ್ಕೂ ಬಂತು. ಕೇಳುವ ಕಿವಿಯೂ ಬೇಕಲ್ಲ? 1979ರಲ್ಲಿ ಅಮೆರಿಕ, ಕೆನಡಾ, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ಸೇರಿ ಕಾಸ್ಪಾಸ್-ಸಾರ್ಸಾಟ್ ಎಂಬ ಉಪಗ್ರಹ ವ್ಯವಸ್ಥೆಗೆ ಒಪ್ಪಂದ ಮಾಡಿಕೊಂಡವು. ಶೀತಲ ಸಮರದ ಮಧ್ಯೆ ಅಮೆರಿಕ ಮತ್ತು ರಷ್ಯಾ ಜೊತೆಗೆ ಕೂತು ಮಾಡಿದ ಕೆಲಸ ಇದು. ನನಗೆ ಇದನ್ನು ಹೇಳುವಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ. ಮೊದಲ ಉಪಗ್ರಹ ಸೋವಿಯತ್ತಿನದು, 1982ರ ಜೂನ್ 30ರಂದು ಹಾರಿತು. ಅದೇ ಸೆಪ್ಟೆಂಬರ್‌ನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಒಂದು ಸಣ್ಣ ವಿಮಾನ ಬಿತ್ತು. ಉಪಗ್ರಹ ಅದರ ಕೂಗನ್ನು ಹಿಡಿಯಿತು. ಮೂವರು ಬದುಕಿದರು.

ಹಳೆಯ ಪೆಟ್ಟಿಗೆಗಳು 121.5ರಲ್ಲಿ ಮಾತ್ರ ಕೂಗುತ್ತಿದ್ದವು. ಕೂಗಿದ್ದು ಯಾರು ಅಂತ ಗೊತ್ತಾಗುತ್ತಿರಲಿಲ್ಲ. ಸುಳ್ಳು ಕರೆಗಳೇ ಜಾಸ್ತಿ ಬರುತ್ತಿದ್ದವು. ಒರಟಾಗಿ ಇಳಿದರೂ ಕೂಗುತ್ತಿದ್ದವು, ಶೆಡ್ಡಿನಲ್ಲಿ ಎತ್ತಿ ಕುಕ್ಕಿದರೂ ಕೂಗುತ್ತಿದ್ದವು. 2009ರ ಫೆಬ್ರವರಿ 1ರಿಂದ ಉಪಗ್ರಹಗಳು 121.5ಕ್ಕೆ ಕಿವಿ ಕೊಡುವುದನ್ನು ನಿಲ್ಲಿಸಿದವು. ಈಗ ಮೇಲಿನಿಂದ ಕೇಳುವುದು 406 ಮಾತ್ರ. ಆ ಸಂದೇಶದಲ್ಲಿ ಪೆಟ್ಟಿಗೆಯದೇ ಆದ ಗುರುತಿನ ಸಂಖ್ಯೆ ಇರುತ್ತದೆ. ಜಿಪಿಎಸ್ ಜೋಡಿಸಿದ್ದರೆ ಬಿದ್ದ ಜಾಗವೂ ಇರುತ್ತದೆ.

ಈಗ ಮತ್ತೆ ಅಲಾಸ್ಕಾ. 2010ರ ಆಗಸ್ಟ್ 9. ಒಂದು ಒಟರ್ ಜಲವಿಮಾನ ಒಂಬತ್ತು ಜನರನ್ನು ಹೊತ್ತು ಮೀನು ಹಿಡಿಯುವ ಶಿಬಿರಕ್ಕೆ ಹೊರಟು ಬೆಟ್ಟಕ್ಕೆ ಅಪ್ಪಳಿಸಿತು. ಐವರು ಸತ್ತರು. ಅವರಲ್ಲಿ ಒಬ್ಬರು ಮಾಜಿ ಸೆನೆಟರ್ ಟೆಡ್ ಸ್ಟೀವನ್ಸ್. ಬಾಗ್ಸ್ ಮತ್ತು ಬೆಗಿಚ್ ಕಾಣೆಯಾದಾಗ ಅಲಾಸ್ಕಾದ ಇಬ್ಬರು ಸೆನೆಟರ್‌ಗಳಲ್ಲಿ ಇವರೂ ಒಬ್ಬರಾಗಿದ್ದರು. ನಾಲ್ವರು ಗಾಯಗೊಂಡು ಬದುಕಿದ್ದರು. ವಿಮಾನದಲ್ಲಿ ಹೊಸ 406 ಇ.ಎಲ್.ಟಿ ಇತ್ತು. ಬಿದ್ದ ಹೊಡೆತಕ್ಕೆ ಅದು ಚಾಲೂ ಕೂಡ ಆಗಿತ್ತು. ಆದರೂ ಒಂದೇ ಒಂದು ಸಿಗ್ನಲ್ ಯಾರಿಗೂ ಮುಟ್ಟಲಿಲ್ಲ. ತನಿಖೆಯಲ್ಲಿ ಕಾರಣ ಗೊತ್ತಾಯಿತು. ಪೆಟ್ಟಿಗೆ ತಾನು ಕೂರುವ ತಟ್ಟೆಯಿಂದ ಕಳಚಿ ಬಿದ್ದಿತ್ತು. ಆಂಟೆನಾ ಕೇಬಲ್ ಕಿತ್ತುಹೋಗಿತ್ತು. ಪೆಟ್ಟಿಗೆಯನ್ನು ಹಿಡಿದಿಟ್ಟಿದ್ದದ್ದು ವೆಲ್ಕ್ರೊ ಪಟ್ಟಿ, ನಿಮ್ಮ ಶೂಗಳಿಗೆ ಇರುತ್ತದಲ್ಲ, ಅಂಥದ್ದು. ಬದುಕಿದ್ದವರ ಪಕ್ಕದಲ್ಲೇ ಪೆಟ್ಟಿಗೆ ಬಿದ್ದುಕೊಂಡು, ಬಾಯಿಲ್ಲದೆ ಕೂಗುತ್ತಾ ಇತ್ತು. ಅವರು ಹೊರಟ ವಸತಿಗೃಹದವರು ಶಿಬಿರದವರನ್ನು ವಿಚಾರಿಸಿದಾಗಲೇ ವಿಮಾನ ಕಾಣೆಯಾದ ಸಂಗತಿ ಹೊರಬಿತ್ತು. ಅಷ್ಟರಲ್ಲಿ ಗಂಟೆಗಳು ಕಳೆದಿದ್ದವು. ಆಮೇಲೆ ಬಂದ ಹೊಸ ಮಾನದಂಡದಲ್ಲಿ ವೆಲ್ಕ್ರೊಗೆ ಜಾಗ ಇಲ್ಲ.

ಆ ವರದಿಯನ್ನು ನಾನು ಓದುವ ಹೊತ್ತಿಗೆ ನನ್ನ ವಿಮಾನ ಮುಗಿಯುತ್ತಾ ಬಂದಿತ್ತು. ಓದಿ ಮುಗಿಸಿದವನೇ ಎದ್ದು ಗ್ಯಾರೇಜಿಗೆ ಹೋಗಿ ದೀಪ ಹಾಕಿದೆ. ಬಾಲದ ಹತ್ತಿರ ಮೊಣಕಾಲೂರಿ ಕೂತೆ. ನನ್ನ ಆಂಟೆನಾ ಎಲ್ಲಿದೆ ಅಂತ ಮತ್ತೆ ನೋಡಬೇಕಿತ್ತು.

ನಾನು ಅಮೆರಿಕದ ಆರೆಗನ್ ರಾಜ್ಯದಲ್ಲಿದ್ದೇನೆ. ಅಲ್ಲಿನ ಅರೋರಾ ಎಂಬ ಊರಿನಲ್ಲಿ ವ್ಯಾನ್ಸ್ ಏರ್‌ಕ್ರಾಫ್ಟ್ ಎಂಬ ಕಂಪನಿ ಇದೆ. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಕಟ್ಟಿದ್ದು. ಅವರು ವಿಮಾನದ ಬಿಡಿಭಾಗಗಳನ್ನು ಕಿಟ್ ಆಗಿ ಮಾರುತ್ತಾರೆ. ನಾವು ಮನೆಯಲ್ಲಿ ಕೂತು ಜೋಡಿಸಬೇಕು. ನನ್ನದು ಆರ್‌ವಿ-9ಎ, ಎರಡು ಸೀಟಿನದು. ಮೈಯೆಲ್ಲ ಅಲ್ಯೂಮಿನಿಯಂ ಹಾಳೆ, ಸಾವಿರಾರು ರಿವೆಟ್. ಕಟ್ಟಲು ನನಗೆ ಆರು ವರ್ಷ ಹಿಡಿಯಿತು. ಹೊಸ ಮನೆಯ ಗೋಡೆಗೆ ಮೊಳೆ ಹೊಡೆಯಲು ಮನಸ್ಸು ಬರುವುದಿಲ್ಲ ಅಲ್ವಾ? ಆರು ವರ್ಷ ಉಜ್ಜಿ ನುಣುಪು ಮಾಡಿದ ವಿಮಾನದ ಬೆನ್ನಿಗೆ ತೂತು ಕೊರೆದು ಕಪ್ಪು ಕಡ್ಡಿ ನೆಡಲೂ ಹಾಗೇ ಮನಸ್ಸು ಬರುವುದಿಲ್ಲ. ಅದಕ್ಕೇ ನಾನು ಅದನ್ನು ಬಚ್ಚಿಟ್ಟಿದ್ದೆ. ಬಾಲದ ರೆಕ್ಕೆಗಳು ಮೈಗೆ ಸೇರುವಲ್ಲಿ ಗ್ಲಾಸ್ ಫೈಬರಿನ ಒಂದು ಮುಚ್ಚಳ ಇರುತ್ತದೆ. ಅದರೊಳಗೆ ಆಂಟೆನಾವನ್ನು ಬಗ್ಗಿಸಿ, ಮಲಗಿಸಿ ತುರುಕಿದ್ದೆ. ಗ್ಲಾಸ್ ಫೈಬರಿನ ಮೂಲಕ ರೇಡಿಯೊ ಅಲೆ ಹಾದುಹೋಗುತ್ತದೆ, ಆದ್ದರಿಂದ ತೊಂದರೆ ಇಲ್ಲ ಅಂದುಕೊಂಡಿದ್ದೆ. ಅರ್ಧ ನಿಜ. ಗ್ಲಾಸ್ ಫೈಬರ್ ಬಿಡುತ್ತದೆ. ಆದರೆ ಆ ಮುಚ್ಚಳದ ಕೆಳಗೆ, ಹಿಂದೆ, ಮೇಲೆ ಎಲ್ಲ ಅಲ್ಯೂಮಿನಿಯಮ್ಮೇ ಇದೆ.

ನಮ್ಮ ಏರ್‌ಫೀಲ್ಡಿನಲ್ಲಿ ಒಬ್ಬ ಹಿರಿಯರಿದ್ದರು, ಜೀವನವಿಡೀ ರೇಡಿಯೊ ರಿಪೇರಿ ಮಾಡಿದವರು. ಅವರು ಆಂಟೆನಾ ಅನಲೈಜರ್ ತಂದು ಕೇಬಲಿಗೆ ಜೋಡಿಸಿದರು. ಸ್ಟ್ಯಾಂಡಿಂಗ್ ವೇವ್ ಅನುಪಾತ ಅಂತ ನೀವು ಪಾಠದಲ್ಲಿ ಓದಿರುತ್ತೀರಿ, ಕಳುಹಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತದೆ ಅಂತ ತೋರಿಸುವ ಸಂಖ್ಯೆ. ಎರಡರ ಒಳಗಿದ್ದರೆ ಚೆನ್ನ. ನನ್ನದು 121.5ರಲ್ಲಿ ಆರು ತೋರಿಸಿತು. ಲೆಕ್ಕ ಹಾಕಿ ನೋಡಿ: ಆರು ಅಂದರೆ ಕಳುಹಿಸಿದ ಶಕ್ತಿಯಲ್ಲಿ ಅರ್ಧ ಆಂಟೆನಾದಿಂದಲೇ ವಾಪಸ್ ಬರುತ್ತದೆ. ಉಳಿದ ಅರ್ಧವಾದರೂ ಆಕಾಶಕ್ಕೆ ಹೋಯಿತಾ? ಅದೂ ಇಲ್ಲ. ಲೋಹದ ಹಾಳೆಗೆ ಅಂಟಿಕೊಂಡು ಮಲಗಿದ ತಂತಿಯಲ್ಲಿ ಕರೆಂಟ್ ಒಂದು ಕಡೆ ಹರಿದರೆ, ಹಾಳೆಯಲ್ಲಿ ಅದರ ಪ್ರತಿಬಿಂಬ ಉಲ್ಟಾ ಹರಿಯುತ್ತದೆ. ಎರಡೂ ಒಂದನ್ನೊಂದು ಕಳೆದುಹಾಕುತ್ತವೆ. ತಂತಿಯನ್ನು ನೆಟ್ಟಗೆ ನಿಲ್ಲಿಸಿದರೆ ಅದೇ ಪ್ರತಿಬಿಂಬ ಸಹಾಯಕ್ಕೆ ಬರುತ್ತದೆ. ನಿಂತರೆ ನೆಂಟ, ಮಲಗಿದರೆ ಶತ್ರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಎಲ್ಲದರ ಬೇರು ಇದೇ. ಈ ಕಡ್ಡಿ ಒಂದು ಅರ್ಧ ಆಂಟೆನಾ ಅಷ್ಟೇ. ಇನ್ನರ್ಧ ಅದರ ಕಾಲ ಕೆಳಗಿನ ಲೋಹ. ಅದಕ್ಕೆ ಗ್ರೌಂಡ್ ಪ್ಲೇನ್ ಎನ್ನುತ್ತಾರೆ. 406 ಮೆಗಾಹರ್ಟ್ಸ್‌ನ ಅಲೆ ಸುಮಾರು 74 ಸೆಂಟಿಮೀಟರ್ ಉದ್ದ. ಅದರ ಕಾಲು ಭಾಗ 18.5 ಸೆಂಟಿಮೀಟರ್. 121.5ರ ಅಲೆ ಸುಮಾರು 2.47 ಮೀಟರ್. ಕಾಲು ಭಾಗ ಸುಮಾರು 62 ಸೆಂಟಿಮೀಟರ್. ಅಂದರೆ ಕಡ್ಡಿಯ ಬುಡದಿಂದ ಸುತ್ತಲೂ ಎರಡು ಅಡಿ ಲೋಹ ಹರಡಿರಬೇಕು. ಅಲ್ಯೂಮಿನಿಯಂ ವಿಮಾನದಲ್ಲಿ ಇದು ಪುಕ್ಕಟೆ ಸಿಗುತ್ತದೆ, ಮೈಯೇ ಲೋಹ. ಬಟ್ಟೆ ಹೊದಿಸಿದ ವಿಮಾನದಲ್ಲಿ, ಗ್ಲಾಸ್ ಫೈಬರ್ ವಿಮಾನದಲ್ಲಿ ನಾವೇ ಹಾಸಬೇಕು. ತಾಮ್ರದ ಅಥವಾ ಅಲ್ಯೂಮಿನಿಯಂ ಹಾಳೆಯ ಪಟ್ಟಿಗಳನ್ನು ಬುಡದಿಂದ ಚಕ್ರದ ಕಡ್ಡಿಗಳ ಹಾಗೆ ಎರಡೆರಡು ಅಡಿ ಒಳಮೈಗೆ ಅಂಟಿಸಿ, ನಡುವೆ ಎಲ್ಲವನ್ನೂ ಆಂಟೆನಾದ ಬುಡಕ್ಕೆ ಕೂಡಿಸಬೇಕು. ಕಾರ್ಬನ್ ಫೈಬರ್ ಇನ್ನೊಂದು ಕಥೆ. ಅದು ಅಲೆಯನ್ನು ಹೊರಗೆ ಬಿಡುವುದಿಲ್ಲ. ಅದರೊಳಗೆ ಆಂಟೆನಾ ಇಟ್ಟರೆ ಡಬ್ಬಿಯೊಳಗೆ ಕೂತು ಕೂಗಿದ ಹಾಗೆ.

ಇದು ದೂರದೇಶದ ಮಾತಲ್ಲ. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1980ರ ದಶಕದಲ್ಲಿ ಅಮೆರಿಕದ ವಿಮಾನ ವಿನ್ಯಾಸಕಾರ ಬರ್ಟ್ ರುಟಾನ್ ಅವರ ಲಾಂಗ್-ಈಝಿ ಎಂಬ ಮನೆಯಲ್ಲಿ ಕಟ್ಟುವ ವಿಮಾನದ ವಿನ್ಯಾಸವನ್ನು ಇಟ್ಟುಕೊಂಡೇ ಗ್ಲಾಸ್ ಫೈಬರಿನ ಒಂದು ಸಂಶೋಧನಾ ವಿಮಾನ ಕಟ್ಟಿತು. ಆಮೇಲೆ ಬಂದ ಹಂಸ ತರಬೇತಿ ವಿಮಾನದ ಮೈಯೂ ಫೈಬರಿನದೇ. ಬೆಂಗಳೂರಿನ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ಎಂಬ ಕೊಳವೆ ಮತ್ತು ಬಟ್ಟೆಯ ಪುಟ್ಟ ವಿಮಾನ ಹೊರದೇಶಗಳಲ್ಲೂ ಹಾರಿದೆ. ನಿಮ್ಮಲ್ಲಿ ಯಾರಾದರೂ ಮುಂದೆ ಇಂಥ ಮೈಯ ಮೇಲೆ ಆಂಟೆನಾ ಕೂರಿಸುತ್ತೀರಿ. ಆಗ ಮೊದಲು ಕೇಳಬೇಕಾದ ಪ್ರಶ್ನೆ "ಕೆಳಗೆ ಲೋಹ ಎಲ್ಲಿದೆ?"

ಸರಿ, ನಾನು ಮುಚ್ಚಳದಿಂದ ಆಂಟೆನಾ ಕಿತ್ತೆ. ಎಲ್ಲಿ ಇಡಬೇಕು? ಎರಡು ರಾತ್ರಿ ನಿದ್ದೆ ಮಾಡದೆ ಯೋಚಿಸಿದ ಪ್ರಶ್ನೆ ಇದು. ಸುಮ್ನೆ ಹಾರುತ್ತಿರುವ ವಿಮಾನಕ್ಕೆ ಆಂಟೆನಾ ಕೂರಿಸುವುದು ಸುಲಭ. ನಾವು ಕೂರಿಸುತ್ತಿರುವುದು ಬಿದ್ದ ವಿಮಾನಕ್ಕೆ. ಆದ್ದರಿಂದ ಕಣ್ಣು ಮುಚ್ಚಿ ನನ್ನ ವಿಮಾನ ಬಿದ್ದಿರುವುದನ್ನು ಮನಸ್ಸಿನಲ್ಲಿ ನೋಡಬೇಕಾಯಿತು. ಕಷ್ಟದ ಕೆಲಸ. ಆರು ವರ್ಷ ಕೈಯಿಂದ ಕಟ್ಟಿದ್ದನ್ನು ಮುರಿದು ನೋಡುವುದು.

ಮೂಗು ಮೊದಲು ನೆಲಕ್ಕೆ ಬಡಿಯುತ್ತದೆ. ಎಂಜಿನ್, ಮುಂಭಾಗ ನಜ್ಜುಗುಜ್ಜಾಗುತ್ತದೆ. ಬಾಲದ ಕಡೆ ಉಳಿಯುವ ಸಾಧ್ಯತೆ ಜಾಸ್ತಿ. ಆದ್ದರಿಂದ ಪೆಟ್ಟಿಗೆಯೂ ಆಂಟೆನಾವೂ ಹಿಂದಕ್ಕೆ. ಎರಡೂ ಒಂದೇ ತುಂಡಿನಲ್ಲಿರಬೇಕು. ವಿಮಾನವನ್ನು ಕಟ್ಟುವಾಗ ಭಾಗಗಳನ್ನು ಸೇರಿಸಿದ ಜಾಗಗಳಿರುತ್ತವೆ. ಮುರಿಯುವಾಗ ಅಲ್ಲೇ ಬಿಟ್ಟುಕೊಳ್ಳುವ ಸಂಭವ ಇರುತ್ತದೆ. ಪೆಟ್ಟಿಗೆ ಬಾಲದಲ್ಲಿದ್ದು ಆಂಟೆನಾ ಕಾಕ್‌ಪಿಟ್ಟಿನ ಮೇಲಿದ್ದರೆ, ಆ ಜೋಡಣೆ ಬಿಟ್ಟ ಕ್ಷಣ ಕೇಬಲ್ ಕತ್ತರಿಸಿತು ಅಂತಲೇ. ಅಮೆರಿಕದ ವಿಮಾನಯಾನ ಇಲಾಖೆಯ ಮಾರ್ಗದರ್ಶಿಯಲ್ಲೂ ಇದನ್ನೇ ಬರೆದಿದ್ದಾರೆ: ಕೇಬಲ್ ಇಂಥ ಜೋಡಣೆಗಳನ್ನು ದಾಟಬಾರದು.

ಇನ್ನೊಂದು ಚಿತ್ರ: ವಿಮಾನ ಮಗುಚಿ ಬಿದ್ದಿದೆ. ಮೂಗಿನ ಚಕ್ರ ಇರುವ ಆರ್‌ವಿಗಳು ಮೆತ್ತನೆ ಹೊಲದಲ್ಲಿ ಇಳಿದಾಗ ಚಕ್ರದ ಕಾಲು ಮಡಚಿ ಪಲ್ಟಿ ಹೊಡೆದ ಉದಾಹರಣೆಗಳಿವೆ. ಆಗ ಬೆನ್ನಿನ ಮೇಲಿನ ಕಡ್ಡಿ ನೆಲದೊಳಗೆ ಹೋಗುವುದಿಲ್ಲವೇ? ನಾನು ರಟ್ಟಿನಲ್ಲಿ ವಿಮಾನದ ಪಕ್ಕನೋಟ ಕತ್ತರಿಸಿ ಮೇಜಿನ ಮೇಲೆ ಉಲ್ಟಾ ಇಟ್ಟು ನೋಡಿದೆ. ಮಗುಚಿದ ವಿಮಾನ ಎರಡು ಕಡೆ ನಿಲ್ಲುತ್ತದೆ. ಮುಂದೆ ಮೂಗು ಮತ್ತು ಕಾಕ್‌ಪಿಟ್ಟಿನ ಉಕ್ಕಿನ ಕಮಾನಿನ ಮೇಲೆ, ಹಿಂದೆ ಬಾಲದ ಲಂಬ ರೆಕ್ಕೆಯ ತುದಿಯ ಮೇಲೆ. ಆ ಲಂಬ ರೆಕ್ಕೆಯ ಮುಂದೆಯೇ ಒಂದು ಗುಳಿ ಉಳಿಯುತ್ತದೆ, ನೆಲಕ್ಕೂ ಬೆನ್ನಿಗೂ ನಡುವೆ. ಕಡ್ಡಿ ಬಾಗಬಹುದು, ಆದರೆ ಬಳುಕುವ ಕಡ್ಡಿ ಅದು. ಬುಡ ಉಳಿಯುತ್ತದೆ. ನನ್ನ ಜಾಗ ಅಲ್ಲೇ ಸಿಕ್ಕಿತು: ಬೆನ್ನಿನ ಮಧ್ಯದ ಗೆರೆಯ ಮೇಲೆ, ಲಂಬ ರೆಕ್ಕೆಯ ಮುಂದೆ.

ನೋಡಲು ಚೆಂದ ಇಲ್ಲ. ಒಪ್ಪುತ್ತೇನೆ. ಈಗ ಹ್ಯಾಂಗರಿನ ಬಾಗಿಲು ತೆಗೆದಾಗ ನನ್ನ ಕಣ್ಣು ಮೊದಲು ಹೋಗುವುದು ಆ ಕಡ್ಡಿಗೇ. ನನಗೆ ಅದು ಇಷ್ಟ.

ಕೂರಿಸುವ ಕೆಲಸಕ್ಕೆ ಬರೋಣ. ವಿಮಾನದ ಹಾಳೆ ತೆಳು, ಒಂದು ಮಿಲಿಮೀಟರೂ ಇರುವುದಿಲ್ಲ. ಅದಕ್ಕೆ ನೇರವಾಗಿ ಬೋಲ್ಟ್ ಹಾಕಿದರೆ ಮೊದಲ ಹೊಡೆತಕ್ಕೆ ಹಾಳೆ ಹರಿಯುತ್ತದೆ. ಒಳಗಿನಿಂದ ಒಂದು ಗಟ್ಟಿ ತಟ್ಟೆ ಕೊಟ್ಟು ಸುತ್ತ ರಿವೆಟ್ ಹೊಡೆಯಬೇಕು. ಎಷ್ಟು ಗಟ್ಟಿ? ಆಂಟೆನಾದ ತೂಕದ ನೂರು ಪಟ್ಟು ಎಳೆದರೂ ಅಲ್ಲಾಡಬಾರದು. ನನ್ನ ಆಂಟೆನಾ ಸುಮಾರು 150 ಗ್ರಾಂ. ಅಂದರೆ 15 ಕಿಲೋ. ಲಗೇಜ್ ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದೆ. ಪೆಟ್ಟಿಗೆ ಕೂರುವ ತಟ್ಟೆಗೂ ಇಂಥದೇ ಪರೀಕ್ಷೆ ಇದೆ: ಸುಮಾರು 45 ಕಿಲೋ ಬಲ ಹಾಕಿದರೆ ಎರಡೂವರೆ ಮಿಲಿಮೀಟರಿಗಿಂತ ಜಾಸ್ತಿ ಬಾಗಬಾರದು. ಕಾರಣ ಸರಳ. ತಟ್ಟೆ ಸ್ಪ್ರಿಂಗಿನ ಹಾಗೆ ಬಾಗಿದರೆ ಹೊಡೆತವನ್ನು ಅದೇ ನುಂಗಿಬಿಡುತ್ತದೆ. ಸ್ವಿಚ್ಚಿಗೆ ಹೊಡೆತ ಗೊತ್ತೇ ಆಗುವುದಿಲ್ಲ. ಪೆಟ್ಟಿಗೆಯ ಮೇಲೆ ಬಾಣದ ಗುರುತು ಇದೆ ನೋಡಿ. ಅದು ವಿಮಾನದ ಮೂಗಿನ ಕಡೆ ಇರಬೇಕು. ಸ್ವಿಚ್ ಹೊಡೆತ ನಿರೀಕ್ಷಿಸುವುದು ಆ ದಿಕ್ಕಿನಲ್ಲಿ.

ಇಲ್ಲಿ ನಾನು ಮಾಡಿದ ಇನ್ನೊಂದು ತಪ್ಪನ್ನು ಹೇಳಲೇಬೇಕು. ತುಕ್ಕು ಹಿಡಿಯದಿರಲಿ ಅಂತ ಒಳತಟ್ಟೆಗೂ ಹಾಳೆಗೂ ಚೆನ್ನಾಗಿ ಪ್ರೈಮರ್ ಬಳಿದಿದ್ದೆ. ಹೊರಗಿನಿಂದ ಬಣ್ಣ ಬೇರೆ. ಆಂಟೆನಾ ಗಟ್ಟಿಯಾಗಿ ಕೂತಿತು. ಮೀಟರ್ ಹಿಡಿದು ಬುಡಕ್ಕೂ ವಿಮಾನದ ಮೈಗೂ ಅಳೆದರೆ ಸಂಪರ್ಕವೇ ಇಲ್ಲ! ಬಣ್ಣ ಅಡ್ಡ ಬಂದಿತ್ತು. ಎರಡು ಅಡಿ ಗ್ರೌಂಡ್ ಪ್ಲೇನ್ ಇದ್ದೂ ಇಲ್ಲದ ಹಾಗೆ. ಮತ್ತೆ ಬಿಚ್ಚಿ, ಬುಡ ಕೂರುವಷ್ಟು ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹ ಮಾಡಿ, ಕೂರಿಸಿದ ಮೇಲೆ ಅಂಚಿಗೆ ಸೀಲೆಂಟ್ ಹಚ್ಚಿದೆ. ಆಮೇಲೆ ಅಳೆದರೆ ಮೀಟರ್ ಸೊನ್ನೆಯ ಹತ್ತಿರ ಬಂತು. ಅನಲೈಜರ್ ಹಿಡಿದರೆ ಎರಡು ತರಂಗಾಂತರಗಳಲ್ಲೂ ಎರಡರ ಒಳಗೆ. ಆ ಹಿರಿಯರು ಏನೂ ಹೇಳಲಿಲ್ಲ, ಬೆನ್ನು ತಟ್ಟಿದರು.

ಕೇಬಲ್ ವಿಷಯ. ಇದನ್ನು ನೆನಪಿಡಿ ಅಂತ ಕೇಳಿಕೊಳ್ಳುತ್ತೇನೆ. ಅಮೆರಿಕದ ವರ್ಜೀನಿಯಾದಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರ ಇದೆ. ಅಲ್ಲಿ ಒಂದು ದೈತ್ಯ ಉಕ್ಕಿನ ಚೌಕಟ್ಟು ನಿಂತಿದೆ. ಅಪೊಲೊ ಗಗನಯಾತ್ರಿಗಳು ಚಂದ್ರನ ಮೇಲೆ ಇಳಿಯುವುದನ್ನು ಅಭ್ಯಾಸ ಮಾಡಿದ ಜಾಗ ಅದು. 2015ರ ಬೇಸಿಗೆಯಲ್ಲಿ ಅಲ್ಲಿ ಮೂರು ಹಳೇ ಸೆಸ್ನಾ 172 ವಿಮಾನಗಳನ್ನು ಎತ್ತರಕ್ಕೆ ಎಳೆದು ಬೇಕೆಂದೇ ಬೀಳಿಸಿದರು. ಮೊದಲನೆಯದು ಕಾಂಕ್ರೀಟಿನ ಮೇಲೆ, ಉಳಿದೆರಡು ಮಣ್ಣಿನ ಮೇಲೆ. ಒಳಗೆ ಬೇರೆ ಬೇರೆ ರೀತಿಯಲ್ಲಿ ಕೂರಿಸಿದ ಇ.ಎಲ್.ಟಿಗಳು. ಇ.ಎಲ್.ಟಿ ಯಾಕೆ ಸುಮ್ಮನಾಗುತ್ತದೆ ಎಂಬುದೇ ಅವರ ಪ್ರಶ್ನೆ. ಪೆಟ್ಟಿಗೆಯನ್ನು ಹೇಗೆ ಕೂರಿಸಿದ್ದಾರೆ, ಕೇಬಲನ್ನು ಹೇಗೆ ಎಳೆದಿದ್ದಾರೆ ಎಂಬುದರ ಮೇಲೆ ತುಂಬ ನಿಂತಿದೆ ಅಂತ ಅವರು ಕಂಡರು. ಬಿಗಿಯಾಗಿ ಎಳೆದು ಕಟ್ಟಿದ ಕೇಬಲ್, ಮೈ ಸ್ವಲ್ಪ ಬಾಗಿದರೂ ಕಿತ್ತುಬರುತ್ತದೆ. ಸಡಿಲ ಬಿಟ್ಟದ್ದು ಬಾಗಿದರೂ ಬದುಕುತ್ತದೆ.

ನಾವೆಲ್ಲ ಮಾಡುವುದು ಇದರ ಉಲ್ಟಾ. ಕೇಬಲ್ ಅಚ್ಚುಕಟ್ಟಾಗಿ ಕಾಣಲಿ ಅಂತ ವೀಣೆಯ ತಂತಿಯ ಹಾಗೆ ಬಿಗಿದು, ಬೆರಳಗಲಕ್ಕೊಂದು ಪ್ಲಾಸ್ಟಿಕ್ ಕಟ್ಟು ಹಾಕುತ್ತೇವೆ. ನನ್ನ ಪೆಟ್ಟಿಗೆಯಿಂದ ಆಂಟೆನಾಗೆ ಎರಡು ಅಡಿ ದೂರ. ನಾನು ಮೂರೂವರೆ ಅಡಿ ಕೇಬಲ್ ಕತ್ತರಿಸಿ, ಎರಡು ತುದಿಯಲ್ಲೂ ದೊಡ್ಡ ಸಡಿಲ ಸುತ್ತು ಬಿಟ್ಟಿದ್ದೇನೆ. ಅಲುಗಾಡಿ ಉಜ್ಜದಿರಲಿ ಅಂತ ಮಧ್ಯದಲ್ಲಿ ಒಂದೇ ಕಡೆ ಹಿಡಿಕೆ. ಕೇಬಲ್ ಆರ್‌ಜಿ-400. ಸಾಮಾನ್ಯವಾಗಿ ಸಿಗುವ ಆರ್‌ಜಿ-58ಕ್ಕಿಂತ ಬೆಲೆ ಜಾಸ್ತಿ. ಆದರೆ ಅದರ ಒಳಪದರ ಟೆಫ್ಲಾನ್. ಬೆಂಕಿ ಹತ್ತಿರ ಬಂದರೆ ಆರ್‌ಜಿ-58ರ ಪ್ಲಾಸ್ಟಿಕ್ ಬೇಗ ಕರಗಿ ಒಳತಂತಿ ಹೊರಬಲೆಗೆ ತಾಗುತ್ತದೆ. ಟೆಫ್ಲಾನ್ 200 ಡಿಗ್ರಿಯವರೆಗೂ ತಡೆಯುತ್ತದೆ. ಅಷ್ಟು ಹೊತ್ತಿನಲ್ಲಿ ಒಂದೆರಡು ಸಂದೇಶ ಮೇಲೆ ಹೋದರೂ ಸಾಕು.

ಎಲೆಕ್ಟ್ರಾನಿಕ್ಸ್ ಓದುವವರಿಗೆ ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ಜಿಪಿಎಸ್ ಸಿಗ್ನಲ್ ಬರುವುದು 1575.42 ಮೆಗಾಹರ್ಟ್ಸ್‌ನಲ್ಲಿ. ಈಗ 121.175ನ್ನು 13ರಿಂದ ಗುಣಿಸಿ. 1575.275! ಪೈಲಟ್ 121.175ರಲ್ಲೋ, ಅದರ ಅಕ್ಕಪಕ್ಕದ ಚಾನೆಲ್ಲಿನಲ್ಲೋ ಮಾತಾಡಿದಾಗ, ಪಕ್ಕದಲ್ಲಿರುವ ಇ.ಎಲ್.ಟಿ ಆಂಟೆನಾ ಆ ದನಿಯನ್ನು ಹೀರಿಕೊಳ್ಳುತ್ತದೆ. ಇ.ಎಲ್.ಟಿಯ ಒಳಗಿನ ಬಿಡಿಭಾಗಗಳು ಅದರಿಂದ ಹದಿಮೂರನೇ ಹಾರ್ಮೋನಿಕ್, ಅಂದರೆ ಹದಿಮೂರು ಪಟ್ಟು ತರಂಗಾಂತರದ ಸಿಗ್ನಲ್ ಹುಟ್ಟಿಸಿ, ಅದೇ ಆಂಟೆನಾದಿಂದ ವಾಪಸ್ ಉಗುಳುತ್ತವೆ. ಜಿಪಿಎಸ್ ಕುರುಡಾಗುತ್ತದೆ. ಇ.ಎಲ್.ಟಿ ಆರಿಸಿಯೇ ಇದೆ, ಆದರೂ ಹೀಗಾಗುತ್ತದೆ. ಅದಕ್ಕೇ ಮಾತಾಡುವ ರೇಡಿಯೊದ ಆಂಟೆನಾವನ್ನು ನಾನು ಹೊಟ್ಟೆಯ ಕೆಳಗೆ ಹಾಕಿದೆ, ಜಿಪಿಎಸ್ಸಿನದನ್ನು ಮುಂದಕ್ಕೆ. ಇ.ಎಲ್.ಟಿಯದು ಎರಡರಿಂದಲೂ ಒಂದು ಮೀಟರಿಗಿಂತ ದೂರದಲ್ಲಿದೆ.

ಕೂಗು ಎಲ್ಲಿಗೆ ಮುಟ್ಟುತ್ತದೆ? ಇದು ನಮ್ಮ ಹೆಮ್ಮೆಯ ಮಾತು. ಕೊಡಗಿನ ಕಾಡಿನಲ್ಲೋ ಚಾರ್ಮಾಡಿಯಲ್ಲೋ ಒಂದು ವಿಮಾನ ಬಿದ್ದು ಅದರ 406 ಕೂಗಿದರೆ, ಉಪಗ್ರಹದಿಂದ ಆ ಸಂದೇಶ ಇಳಿಯುವ ಜಾಗ ನಮ್ಮ ಬೆಂಗಳೂರಿನಲ್ಲೇ ಇದೆ. ಇಸ್ರೊದ ಇಸ್ಟ್ರಾಕ್ ಕೇಂದ್ರದಲ್ಲಿ ಭಾರತದ ಮಿಷನ್ ಕಂಟ್ರೋಲ್ ಸೆಂಟರ್ ಇದೆ. ಲಖನೌದಲ್ಲಿ ಇನ್ನೊಂದು ನೆಲಕೇಂದ್ರ. ಬಾಂಗ್ಲಾದೇಶ, ಭೂತಾನ್, ನೇಪಾಳ, ಶ್ರೀಲಂಕಾ, ಮಾಲ್ಡೀವ್ಸ್‌ನ ಕೂಗನ್ನೂ ಇವೇ ಕೇಳಿಸಿಕೊಳ್ಳುತ್ತವೆ. ಅಲ್ಲಿಂದ ಸುದ್ದಿ ರಕ್ಷಣಾ ಕೇಂದ್ರಗಳಿಗೆ ಹೋಗುತ್ತದೆ. ಆದರೆ ಅವರಿಗೆ ಬರುವುದು 15 ಅಕ್ಷರಗಳ ಒಂದು ಸಂಕೇತ. ಅದು ಯಾರದು ಅಂತ ಗೊತ್ತಾಗಬೇಕಾದರೆ ನೀವು ನೋಂದಣಿ ಮಾಡಿಸಿರಬೇಕು. ಅಮೆರಿಕದಲ್ಲಿ ಹವಾಮಾನ, ಸಾಗರಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನೋವಾದ ಬಳಿ ಉಚಿತವಾಗಿ ಮಾಡಿಸಬಹುದು, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೂಗು ಬಂದ ಕೂಡಲೇ ಅವರು ಮೊದಲು ನಿಮ್ಮ ಮನೆಗೆ ಫೋನ್ ಮಾಡುತ್ತಾರೆ. ಮನೆ ಬದಲಿಸಿದಾಗ ಗ್ಯಾಸ್ ಕನೆಕ್ಷನ್ನಿನ ವಿಳಾಸ ಬದಲಿಸುತ್ತೀರಿ ಅಲ್ವಾ? ಅದರ ಜೊತೆ ಇದನ್ನೂ ಬದಲಿಸಿ.

ಇದೇ ಸಾಲಿನಲ್ಲಿ ಒಂದು ಪುಟ್ಟ ವಿಷಯ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ತಯಾರಾಗುವ ಒಂದು ಇ.ಎಲ್.ಟಿಯ ಹೆಸರು "ಕನ್ನಾಡ್". ಮೊದಲ ಸಲ ಕ್ಯಾಟಲಾಗಿನಲ್ಲಿ ನೋಡಿದಾಗ ನನ್ನ ಕಣ್ಣು ಅಲ್ಲೇ ನಿಂತಿತು. ಅಲ್ಲಿನ ಬ್ರೆಟನ್ ಭಾಷೆಯಲ್ಲಿ ಆ ಪದಕ್ಕೆ ದೂತ, ಸುದ್ದಿ ಒಯ್ಯುವವನು ಎಂಬ ಅರ್ಥವಂತೆ. ನಮ್ಮ ಭಾಷೆಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಊರಿಂದ ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ ಅದನ್ನು ಓದಿದಾಗ ಆದ ಖುಷಿಯನ್ನು ನಿಮ್ಮ ಹತ್ತಿರ ಹೇಳಿಕೊಳ್ಳದೆ ಇರಲಾರೆ.

ಇನ್ನು ಈ ಟ್ರಾನ್ಸಿಸ್ಟರ್ ರೇಡಿಯೊ. ಅಮೆರಿಕದಲ್ಲಿ 12 ತಿಂಗಳಿಗೊಮ್ಮೆ ಇ.ಎಲ್.ಟಿಯನ್ನು ಪರೀಕ್ಷಿಸಬೇಕು. ಬ್ಯಾಟರಿ, ಸ್ವಿಚ್, ತಟ್ಟೆ ಮತ್ತು ಆಂಟೆನಾದಿಂದ ನಿಜವಾಗಿ ಸಿಗ್ನಲ್ ಹೊರಡುತ್ತಿದೆಯೇ ಎಂಬುದು. 121.5ರ ಪರೀಕ್ಷೆಯನ್ನು ಗಂಟೆಯ ಮೊದಲ ಐದು ನಿಮಿಷದೊಳಗೆ ಮಾತ್ರ ಮಾಡಬೇಕು, ಅದೂ ಮೂರು ಕೂಗಿಗಿಂತ ಜಾಸ್ತಿ ಇಲ್ಲ. ಆ ಐದು ನಿಮಿಷದಲ್ಲಿ ಕೇಳಿದ ಸಣ್ಣ ಕೂಗು ಪರೀಕ್ಷೆ ಇರಬಹುದು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಸಾವಿರಾರು ಡಾಲರಿನ ಯಂತ್ರ ಬೇಕಿಲ್ಲ. ಒಂದು ಅಗ್ಗದ ಎಎಂ ರೇಡಿಯೊವನ್ನು ಆಂಟೆನಾದಿಂದ ಅರ್ಧ ಅಡಿ ದೂರ ಹಿಡಿಯಬೇಕು. ಯಾವ ಸ್ಟೇಷನ್ನಿನಲ್ಲಿದ್ದರೂ ಪರವಾಗಿಲ್ಲ. ಕೂಗು ಕೇಳಿಸಿದರೆ ಆಂಟೆನಾದಿಂದ ಸಾಕಷ್ಟು ಶಕ್ತಿ ಹೊರಗೆ ಹೋಗುತ್ತಿದೆ ಅಂತ ಲೆಕ್ಕ. ಇಲಾಖೆಯ ಕೈಪಿಡಿಯೇ ಹೇಳಿದ ಉಪಾಯ ಇದು. ದುಬಾರಿ ರೇಡಿಯೊ ಬೇಡ, ಅದು ದೂರದ ಸಣ್ಣ ಸೋರಿಕೆಯನ್ನೂ ಹಿಡಿದು ಮೋಸ ಮಾಡುತ್ತದೆ. 406ಕ್ಕೆ ಪೆಟ್ಟಿಗೆಯಲ್ಲೇ ಸ್ವಯಂಪರೀಕ್ಷೆಯ ಗುಂಡಿ ಇದೆ. ಹಳೇ ಆಂಟೆನಾ ಮುಚ್ಚಳದೊಳಗೆ ಮಲಗಿದ್ದಾಗ ಈ ರೇಡಿಯೊದಲ್ಲಿ ಬರೀ ಗೊರಗೊರ. ಜಾಗ ಬದಲಿಸಿದ ಮೇಲೆ ಬೆಳಿಗ್ಗೆ ಹತ್ತು ಗಂಟೆ ಎರಡು ನಿಮಿಷಕ್ಕೆ ನನ್ನ ಹೆಂಡತಿ ಸ್ವಿಚ್ ಒತ್ತಿದಳು. ಮೇಲಿಂದ ಕೆಳಕ್ಕೆ ಜಾರುವ ಆ ಸೈರನ್ ದನಿ, ಅಪ್ಪನ ರೇಡಿಯೊದಲ್ಲಿ, ಎಷ್ಟು ಜೋರಾಗಿ ಬಂತೆಂದರೆ ಪಕ್ಕದ ಹ್ಯಾಂಗರಿನವರು ಬಂದು ನೋಡಿದರು.

ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ ಮೂರನೇ ಸಾಲಿನ ಒಬ್ಬ ಹುಡುಗಿ ಕೇಳಿದಳು: "ಸರ್, ಇಷ್ಟೆಲ್ಲ ಮಾಡಿದರೂ ಆಂಟೆನಾ ಮುರಿದೇ ಹೋದರೆ?"

ಹೋಗಬಹುದು. ಕೆಲವು ಪೆಟ್ಟಿಗೆಗಳ ಜೊತೆ ಒಂದು ಮಡಚುವ ಚಿಕ್ಕ ಆಂಟೆನಾ ಬರುತ್ತದೆ. ಕೇಬಲ್ ಕಿತ್ತು, ಪೆಟ್ಟಿಗೆಯನ್ನು ತಟ್ಟೆಯಿಂದ ಬಿಚ್ಚಿ, ಅದನ್ನು ಸಿಕ್ಕಿಸಿಕೊಂಡು ಬಯಲಿಗೆ ಒಯ್ಯಬಹುದು. ನನ್ನದನ್ನು ಪೆಟ್ಟಿಗೆಯ ಪಕ್ಕದಲ್ಲೇ ಕಟ್ಟಿದ್ದೇನೆ. ಸೀಟಿನ ಹಿಂದಿನ ತಡಿಕೆಯನ್ನು ಕೈಯಿಂದಲೇ ತೆಗೆಯುವ ಹಾಗೆ ಮಾಡಿದ್ದೇನೆ. ಸ್ಕ್ರೂಡ್ರೈವರ್ ಹುಡುಕುವ ಸ್ಥಿತಿಯಲ್ಲಿ ಆಗ ಯಾರೂ ಇರುವುದಿಲ್ಲ. ಮಗುಚಿದ ವಿಮಾನದಲ್ಲಿ ಬೆಲ್ಟಿಗೆ ನೇತಾಡುತ್ತಾ ಎಡಗೈಯಲ್ಲಿ ತೆಗೆಯಲು ಆಗುತ್ತದಾ ಅಂತ, ನೆಲದ ಮೇಲೆ ಕಣ್ಣು ಕಟ್ಟಿಕೊಂಡು ಎರಡು ಸಲ ಅಭ್ಯಾಸ ಮಾಡಿದ್ದೇನೆ. ಅದಲ್ಲದೆ ಮೈಮೇಲೆ ಇಟ್ಟುಕೊಳ್ಳುವ ಪುಟ್ಟ 406 ಬೀಕನ್ ಒಂದಿದೆ, ಪಿಎಲ್‌ಬಿ ಅನ್ನುತ್ತಾರೆ. ಅದು ತಾನಾಗಿ ಕೂಗುವುದಿಲ್ಲ, ನೀವೇ ಒತ್ತಬೇಕು. ಅದನ್ನು ಬ್ಯಾಗಿನಲ್ಲಿ ಇಡಬೇಡಿ. ಬ್ಯಾಗ್ ವಿಮಾನದಲ್ಲೇ ಉಳಿದುಬಿಡುತ್ತದೆ. ಅಂಗಿಯ ಜೇಬಿನಲ್ಲಿ, ಗುಂಡಿ ಹಾಕಿ, ದಾರ ಕಟ್ಟಿ ಇಟ್ಟುಕೊಳ್ಳಿ.